ಬಾರ್ ಎಷ್ಟು ಇಂಚಿನದು ಬೇಕು? ಘಟ್ಟದ ಮೇಲಿನ, ಕೆಳಗಿನ ಮರಗಳಿಗೆ ಚೈನ್ ಗರಗಸದ ಬಾರ್‌ಗಳ ಪರಿಶೀಲನೆ

ಮಳೆಗಾಲ ಹತ್ತಿರ ಬಂತೆಂದರೆ ಉತ್ತರ ಕನ್ನಡದ ಶಿರಸಿ, ಕುಮಟಾ, ಕಾರವಾರದ ಕೃಷಿ ಯಂತ್ರದ ಅಂಗಡಿಗಳಲ್ಲಿ ಚೈನ್ ಗರಗಸ ಕೇಳುವವರು ಹೆಚ್ಚುತ್ತಾರೆ. ಮೊದಲ ಪ್ರಶ್ನೆ ಬಹುಪಾಲು ಒಂದೇ: "ಎಷ್ಟು ಇಂಚಿಂದು?" ಕೇಳುವುದು ಬಾರ್‌ನ ಉದ್ದ, ಎಂದರೆ ಚೈನ್ ಸುತ್ತಿ ಓಡುವ ಲೋಹದ ಪಟ್ಟಿಯದು. ಮೇಜಿನ ಮೇಲೆ 16 ಇಂಚಿನ ಬಾರ್‌ನ ಮಷಿನ್ ಒಂದು, ಪಕ್ಕದಲ್ಲಿ ಅದಕ್ಕಿಂತ ಕಡಿಮೆ ಬೆಲೆಯ 22 ಇಂಚಿನದೊಂದು ಇದ್ದರೆ ಕೈ ಉದ್ದದ್ದರ ಕಡೆಗೇ ಹೋಗುತ್ತದೆ. ಅಲ್ಲೇ ಲೆಕ್ಕ ತಪ್ಪುವುದು.

ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ತೋಟ, ಬೆಟ್ಟ, ಮನೆ ಸುತ್ತಲಿನ ಕೆಲಸಕ್ಕೆ ಒಂದೇ ಮಷಿನ್ ಕೊಳ್ಳುವವರಿಗೆ 45 ಸಿಸಿ ಆಸುಪಾಸಿನ ಎಂಜಿನ್‌ಗೆ 16 ಇಂಚಿನ ಬಾರ್. ಟೊಂಗೆ ಸವರುವುದು, ಅಡಿಕೆ ಮರ ತುಂಡರಿಸುವುದು, ಒಲೆಗೆ ಕಟ್ಟಿಗೆ ಮಾಡುವುದು, ಇಷ್ಟೇ ಆದರೆ 30 ಸಿಸಿಗೆ 14 ಇಂಚು. ನಾಟಾ (ದಪ್ಪ ದಿಮ್ಮಿ ಕೊಯ್ಯುವ) ಕೆಲಸ ಮಾಡುವವರು ಮಾತ್ರ 70 ಸಿಸಿ ಮೇಲಿನ ಮಷಿನ್ ತೆಗೆದುಕೊಂಡು 20 ಇಂಚಿಗೆ ಹೋಗಲಿ. 22 ಇಂಚಿನ ಬಾರ್ ಹಾಕಿಯೇ ಮಾರುವ ಅಗ್ಗದ ಮಷಿನ್ ಮನೆಗೆ ಬಂದಾಗಿದ್ದರೆ ಅದನ್ನು ಎಸೆಯಬೇಕಿಲ್ಲ. ಅದರ ಬಾರ್ ಬದಲಿಸಬೇಕು. ಹೇಗೆಂಬುದು ಮುಂದೆ ಇದೆ.

ಮೊದಲು ಮರ ಅಳೆಯಿರಿ

ನಮ್ಮಲ್ಲಿ ಮರದ ದಪ್ಪವನ್ನು ಸುತ್ತಳತೆಯಲ್ಲಿ ಹೇಳುವುದು ರೂಢಿ. "ನಾಲ್ಕಡಿ ಸುತ್ತಿನ ಮಾವು" ಎಂದರೆ ಎಲ್ಲರಿಗೂ ಅಂದಾಜು ಸಿಗುತ್ತದೆ. ಬಾರ್ ಮಾತ್ರ ಮರವನ್ನು ಅಡ್ಡ ದಾಟಬೇಕಾದ್ದು. ಅದಕ್ಕೆ ಬೇಕಾದ್ದು ಅಡ್ಡಳತೆ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಅದು ಸಿಗುತ್ತದೆ. ಬಾಯಿಲೆಕ್ಕಕ್ಕೆ ಮೂರರಿಂದ ಭಾಗಿಸಿದರೂ ಸಾಕು, ಸ್ವಲ್ಪ ಹೆಚ್ಚೇ ಬರುತ್ತದೆ, ತೊಂದರೆಯಿಲ್ಲ. 3 ಅಡಿ ಸುತ್ತಿನ ಮರ ಅಡ್ಡಕ್ಕೆ ಹನ್ನೊಂದೂವರೆ ಇಂಚು. 4 ಅಡಿಯದು 15 ಇಂಚು ಚಿಲ್ಲರೆ. 5 ಅಡಿಯದು 19, 6 ಅಡಿಯದು 23ರ ಹತ್ತಿರ. ಈ ನಾಲ್ಕು ಅಂಕಿ ನೆನಪಿದ್ದರೆ ಅಂಗಡಿಯಲ್ಲಿ ಬೇರೆ ಲೆಕ್ಕ ಬೇಡ.

ಇನ್ನು ಬಾರ್ ಮೇಲೆ ಕೊರೆದ ಇಂಚು ಏನನ್ನು ಹೇಳುತ್ತದೆ? ಮಷಿನ್‌ನ ಮೈಯಿಂದ ಹೊರಗೆ ಚಾಚಿದ, ಕೊಯ್ಯುವ ಭಾಗವನ್ನು. ಕವಚದೊಳಗೆ ಬೋಲ್ಟಿಗೆ ಕೂರುವ ಬಾಲ ಇದರಲ್ಲಿ ಸೇರಿಲ್ಲ. ಹಾಗಾಗಿ ಬಿಚ್ಚಿದ ಬಾರನ್ನು ತುದಿಯಿಂದ ತುದಿಗೆ ಅಳೆದು "ಇದು 19 ಇಂಚಿಂದು" ಎಂದು ಅಂಗಡಿಯವರಿಗೆ ಹೇಳಿದರೆ ತಪ್ಪು ಬಾರ್ ಮನೆಗೆ ಬರುತ್ತದೆ. ಮಷಿನ್‌ನ ಎದುರಿಗೆ ಮರ ಕಚ್ಚಿಹಿಡಿಯುವ ಮೊನೆಗಳಿದ್ದರೆ ಅವೂ ಒಂದಿಷ್ಟು ಜಾಗ ತಿನ್ನುತ್ತವೆ. 16 ಇಂಚಿನ ಬಾರ್ ಮರದೊಳಗೆ ನಿಜಕ್ಕೂ ಕೆಲಸ ಮಾಡುವುದು 15 ಇಂಚಿನಷ್ಟು ಎಂದಿಟ್ಟುಕೊಳ್ಳುವುದೇ ಕ್ಷೇಮ.

ಒಂದೇ ಕಡೆ ನಿಂತು ಮರ ದಾಟಿಸಬೇಕಾದರೆ ಬಾರ್ ಅಡ್ಡಳತೆಗಿಂತ 2 ಇಂಚು ಉದ್ದ ಇರಬೇಕು. ಆ ಲೆಕ್ಕದಲ್ಲಿ 16 ಇಂಚಿನ ಬಾರ್ 14 ಇಂಚಿನ ಮರಕ್ಕೆ, ಎಂದರೆ 3 ಅಡಿ 8 ಇಂಚು ಸುತ್ತಿನ ಮರಕ್ಕೆ ಸಾಕು. ಈಗ ನಿಮ್ಮ ಜಾಗದ ಮರಗಳನ್ನು ಒಮ್ಮೆ ನೋಡಿ ಬನ್ನಿ. ಅಡಿಕೆ ಮರ ಅಡ್ಡಕ್ಕೆ 6 ಇಂಚಿನ ಆಸುಪಾಸು. ತೆಂಗು ಬುಡದ ಉಬ್ಬು ಬಿಟ್ಟರೆ ಒಂದು ಅಡಿ. ಘಟ್ಟದ ಮೇಲೂ ಕೆಳಗೂ ನೆಟ್ಟ ಅಕೇಶಿಯಾ ಕಡಿಯುವ ಹೊತ್ತಿಗೆ ಸಾಮಾನ್ಯವಾಗಿ 8ರಿಂದ 12 ಇಂಚು. ಕಾರವಾರ, ಅಂಕೋಲಾ ಕಡಲಂಚಿನ ಗಾಳಿಮರವೂ ಅಷ್ಟೇ. ಗೇರಿನ ಬುಡ ದಪ್ಪವಿದ್ದರೂ ಮಂಡಿ ಎತ್ತರಕ್ಕೇ ಕವಲೊಡೆದಿರುತ್ತದೆ, ಕೆಲಸವೆಲ್ಲ ಕವಲುಗಳಲ್ಲಿ. ಹಳೆಯ ಮಾವು, ಹಲಸು, ಬೆಟ್ಟದ ಮತ್ತಿ, ಹೊನ್ನೆ, ಇವಷ್ಟೇ 5 ಅಡಿ ಸುತ್ತು ದಾಟುವುದು. ಅಂಥವನ್ನು ವರ್ಷಕ್ಕೆ ಎಷ್ಟು ಸಲ ಕಡಿಯುತ್ತೀರಿ? ಅವುಗಳಲ್ಲಿ ಕೆಲವನ್ನು ಕಡಿಯಲು ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿಯೂ ಬೇಕಾಗಬಹುದು. ವರ್ಷಕ್ಕೊಂದು ದೊಡ್ಡ ಮರಕ್ಕಾಗಿ ದಿನವೂ ಉದ್ದದ ಬಾರ್ ಹೊರುವುದರಲ್ಲಿ ಅರ್ಥವಿಲ್ಲ.

12 ಮತ್ತು 14 ಇಂಚು

30 ಸಿಸಿ ವರ್ಗದ ಮಷಿನ್‌ಗಳಿಗೆ ಹುಟ್ಟಿದ ಅಳತೆ ಇದು. ಸ್ಟಿಲ್ ಕಂಪನಿಯ ಎಂಎಸ್ 170 ಮಾದರಿ ತೆಗೆದುಕೊಳ್ಳಿ: 30.1 ಸಿಸಿ, ಬಾರ್ ಮತ್ತು ಚೈನ್ ಬಿಟ್ಟು ತೂಕ 4 ಕಿಲೋ ಆಸುಪಾಸು. ಎಂಎಸ್ 180 ಎಂದರೆ 31.8 ಸಿಸಿ, ತೂಕ ಅಷ್ಟೇ. 14 ಇಂಚಿನ ಬಾರ್ ಹಾಕಿದಾಗ ಅದರ ಮೂತಿ (ತುದಿ) ಕೆಳಗೆ ಎಳೆಯುವುದಿಲ್ಲ, ಒಂದು ಟೊಂಗೆ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಮಣಿಕಟ್ಟು ಸೋಲುವುದಿಲ್ಲ. ಬಿದ್ದ ಮರದ ಟೊಂಗೆ ಸವರುವಾಗ ಬಾರ್‌ನ ತುದಿ ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿರುತ್ತದೆ. ಉದ್ದದ ಬಾರ್‌ನಲ್ಲಿ ಇದು ಆಗದು. ತುದಿ ಟೊಂಗೆಗಳ ಆಚೆ ಎಲ್ಲೋ ಇನ್ನೊಂದಕ್ಕೆ ತಗಲುತ್ತದೆ. ಮೂತಿಯ ಮೇಲಿನ ಕಾಲುಭಾಗ ಗಟ್ಟಿ ವಸ್ತುವಿಗೆ ತಗಲಿದ ಕ್ಷಣ ಬಾರ್ ಮೇಲಕ್ಕೆ, ಹಿಡಿದವರ ಮುಖದ ಕಡೆಗೆ ಒದೆಯುತ್ತದೆ. ಕಿಕ್‌ಬ್ಯಾಕ್ ಎನ್ನುವುದು ಇದನ್ನೇ. ಟೊಂಗೆ ಸವರುವಾಗಲೇ ಇದು ಹೆಚ್ಚು.

12 ಇಂಚಿನ ಬಾರ್ ಮರ ಹತ್ತುವವರಿಗೆ ಒಳ್ಳೆಯದು. ಮನೆ ಮೇಲೆ, ವಿದ್ಯುತ್ ತಂತಿ ಕಡೆಗೆ ಚಾಚಿದ ಟೊಂಗೆಗಳನ್ನು ಹಗ್ಗ ಕಟ್ಟಿ ಇಳಿಸುವ ಕೆಲಸಕ್ಕೆ ಅಷ್ಟು ಸಾಕೇ ಸಾಕು. ಅಂಗಡಿಯಲ್ಲಿ ಸಿದ್ಧ ಇಲ್ಲದಿದ್ದರೆ ಹೇಳಿ ತರಿಸಬೇಕಾಗಬಹುದು. ಈ ಅಳತೆಯ ಚೈನ್ 3/8 ಇಂಚಿನ ಲೋ ಪ್ರೊಫೈಲ್ (ತಗ್ಗು ಹಲ್ಲಿನ) ಪಿಚ್‌ನದು. ಪಿಚ್ ಎಂದರೆ ಚೈನ್ ಕೊಂಡಿಗಳ ನಡುವಿನ ಅಂತರ, ಡ್ರೈವ್ ಲಿಂಕ್ ಎಂದರೆ ಬಾರ್‌ನ ಸೀಳಿನಲ್ಲಿ ಓಡುವ ಕೊಂಡಿ. ಸ್ಟಿಲ್ ಬಾರ್‌ಗಳಲ್ಲಿ 12 ಇಂಚಿಗೆ 44, 14ಕ್ಕೆ 50, 16ಕ್ಕೆ 55 ಡ್ರೈವ್ ಲಿಂಕ್. ಕೊನೆಯದನ್ನು, ಎಂದರೆ 30 ಸಿಸಿಗೆ 16 ಇಂಚನ್ನು, ಕಂಪನಿಯೇ ಒಪ್ಪಿದೆ ನಿಜ. ಮೆದು ಮರಕ್ಕೆ, ಅಪರೂಪದ ಕೆಲಸಕ್ಕೆ ಅಡ್ಡಿಯಿಲ್ಲ. ಗಾಳಿಮರಕ್ಕೆ ಅಥವಾ ಒಣಗಿದ ಅಕೇಶಿಯಾಕ್ಕೆ ಬಾರ್ ಪೂರ್ತಿ ಮುಳುಗಿಸಿದರೆ ಎಂಜಿನ್ ಏದುಸಿರು ಬಿಡುತ್ತದೆ. ಅಲ್ಲಿ 14ರಲ್ಲೇ ಕೆಲಸ ಬೇಗ ಮುಗಿಯುತ್ತದೆ.

16 ಮತ್ತು 18 ಇಂಚು

ಈ ಜಿಲ್ಲೆಯ ಕೆಲಸಕ್ಕೆ ನಾವು ಕಣ್ಣುಮುಚ್ಚಿ ಹೇಳುವ ಜೋಡಿ 45 ಸಿಸಿ ಮತ್ತು 16 ಇಂಚು. ಸ್ಟಿಲ್ ಎಂಎಸ್ 250 ಇದಕ್ಕೆ ಒಳ್ಳೆಯ ಮಾದರಿ: 45.4 ಸಿಸಿ, 2.3 ಕಿಲೋವಾಟ್, ಬಾರ್ ಇಲ್ಲದೆ 4.6 ಕಿಲೋ. ಎಂಎಸ್ 170ಕ್ಕಿಂತ ಅರ್ಧ ಕಿಲೋ ಚಿಲ್ಲರೆ ಹೆಚ್ಚು ಹೊತ್ತರೆ ಹತ್ತಿರಹತ್ತಿರ ಎರಡು ಪಟ್ಟು ಶಕ್ತಿ ಸಿಗುತ್ತದೆ. 0.325 ಇಂಚಿನ ಪಿಚ್, 1.6 ಮಿ.ಮೀ. ಗೇಜ್ (ಡ್ರೈವ್ ಲಿಂಕಿನ ದಪ್ಪ), 16 ಇಂಚಿಗೆ 62 ಡ್ರೈವ್ ಲಿಂಕ್. ಬಾರ್ ಪೂರ್ತಿ ಮರದಲ್ಲಿ ಮುಳುಗಿದ್ದರೂ ಚೈನ್‌ನ ವೇಗ ಕುಸಿಯುವುದಿಲ್ಲ, ಮಷಿನ್‌ನ ತೂಕವೇ ಬಾರನ್ನು ಕೆಳಗಿಳಿಸುತ್ತದೆ, ಒತ್ತುವ ಪ್ರಮೇಯ ಬರುವುದಿಲ್ಲ. ಬೀಳುವುದು ಚಕ್ಕೆ, ಹಿಟ್ಟು ಬಿದ್ದರೆ ಹಲ್ಲು ಮೊಂಡಾಗಿದೆ ಎಂದರ್ಥ.

ಅದೇ ಮಷಿನ್‌ಗೆ 18 ಇಂಚಿನ ಬಾರೂ ಬರುತ್ತದೆ, 68 ಡ್ರೈವ್ ಲಿಂಕ್. ಮಳೆಗಾಲದಲ್ಲಿ ದೇವಿಮನೆ ಘಟ್ಟದಂಥ ಕಡೆ ರಸ್ತೆಗೆ ಅಡ್ಡ ಬಿದ್ದ ಮರ ತೆರವು ಮಾಡುವವರಿಗೆ, ಹಲಸು ಮಾವಿನ ದಿಮ್ಮಿ ತುಂಡರಿಸುವವರಿಗೆ ಆ 2 ಇಂಚು ಉಪಯೋಗಕ್ಕೆ ಬರುತ್ತದೆ. ಎತ್ತರದವರಿಗೆ ಬೆನ್ನು ಬಗ್ಗಿಸುವುದೂ ತುಸು ಕಡಿಮೆಯಾಗುತ್ತದೆ. ಆದರೆ 45 ಸಿಸಿಗೆ ಇದು ಕೊನೆಯ ಗಡಿ. ಚೈನ್ ಹರಿತ ತಪ್ಪಿದರೆ 16 ಇಂಚಿನ ಬಾರ್ ಇನ್ನೂ ಒಂದೆರಡು ಕೊಯ್ತ ಸಹಿಸಿಕೊಳ್ಳುತ್ತದೆ, 18ರದು ಆಗಲೇ ನಿಲ್ಲುತ್ತದೆ. ದಿನಕ್ಕೆ ಮೂರು ಸಲ ಅರ ಹಾಕುವ ಶಿಸ್ತು ಇದ್ದವರು 18 ತೆಗೆದುಕೊಳ್ಳಲಿ, ಇಲ್ಲದವರು 16ರಲ್ಲೇ ಇರಲಿ.

ಹಲ್ಲಿನ ಲೆಕ್ಕವನ್ನು ಕೊಳ್ಳುವಾಗ ಯಾರೂ ಕೇಳುವುದಿಲ್ಲ, ಕೊಂಡ ಮೇಲೆ ಅದೇ ಸಮಯ ತಿನ್ನುತ್ತದೆ. ಸಾಮಾನ್ಯ ಚೈನ್‌ನಲ್ಲಿ ಎರಡು ಡ್ರೈವ್ ಲಿಂಕಿಗೆ ಒಂದು ಹಲ್ಲು. 14 ಇಂಚಿನದರಲ್ಲಿ 25 ಹಲ್ಲು, ಈ 16ರಲ್ಲಿ 31, 18ರಲ್ಲಿ 34, ಅಗ್ಗದ 22 ಇಂಚಿನದರಲ್ಲಿ 43. ಪ್ರತಿ ಹಲ್ಲಿಗೂ ಒಂದೇ ಕೋನದಲ್ಲಿ, ಒಂದೇ ಲೆಕ್ಕದ ಎರಡು ಮೂರು ಎಳೆತ. ಎಡಗಡೆಯ ಹಲ್ಲು ಗಿಡ್ಡ, ಬಲಗಡೆಯದು ಉದ್ದ ಆದರೆ ಕೊಯ್ತ ಬಾಳೆಕಾಯಿಯಂತೆ ಬಾಗುತ್ತದೆ, ಬಾರ್ ಮರದೊಳಗೆ ಸಿಕ್ಕಿಬೀಳುತ್ತದೆ. ಬಾರ್ ಉದ್ದವಾದಷ್ಟೂ ಈ ಬಾಗು ಹೆಚ್ಚು ಕಾಣುತ್ತದೆ.

20ರಿಂದ 25 ಇಂಚು

ಇದಕ್ಕೆ 70 ಸಿಸಿ ಬೇಕು, ಚರ್ಚೆಯಿಲ್ಲ. ಸ್ಟಿಲ್ ಎಂಎಸ್ 382 ಎಂದರೆ 72.2 ಸಿಸಿ, 3.9 ಕಿಲೋವಾಟ್, ಬಾರ್ ಇಲ್ಲದೆಯೇ 6.2 ಕಿಲೋ. ಪೂರ್ಣ 3/8 ಪಿಚ್, 1.6 ಮಿ.ಮೀ. ಗೇಜ್, 20 ಇಂಚಿಗೆ 72 ಡ್ರೈವ್ ಲಿಂಕ್, 25ಕ್ಕೆ 84. ಪೆಟ್ರೋಲ್, ಆಯಿಲ್ ತುಂಬಿ, ಬಾರ್ ಚೈನ್ ಹಾಕಿದ ಮೇಲೆ ಇದನ್ನು ಎದೆ ಎತ್ತರದಲ್ಲಿ ಹಿಡಿದು ದಿನವಿಡೀ ಕೆಲಸ ಮಾಡಲು ಪಳಗಿದ ತೋಳೇ ಬೇಕು. ದಪ್ಪ ದಿಮ್ಮಿಗಳನ್ನೇ ಕೊಯ್ಯುವವರಿಗೆ ಇದು ಸರಿಯಾದ ಯಂತ್ರ. ತೋಟದ ಮನೆಗೆ ಬೇಡ. 25ಕ್ಕಿಂತ 20 ಇಂಚಿನ ಬಾರೇ ಇದರಲ್ಲಿ ಹೆಚ್ಚು ಚುರುಕು. 25 ಇಂಚು ಎರಡನೆಯ ಬಾರಾಗಿ ಗೋಡೆಗೆ ನೇತಿರಲಿ, ಹಳೆಯ ಮಾವು ಬಿದ್ದ ದಿನಕ್ಕೆ.

22 ಇಂಚಿನ ಅಗ್ಗದ ಮಷಿನ್

ಡಬ್ಬಿಯ ಮೇಲೆ 58 ಸಿಸಿ, 22 ಇಂಚು ಎಂದು ಬರೆದ, ಹಲವು ಹೆಸರುಗಳಲ್ಲಿ ಬರುವ ಮಷಿನ್ ಈಗ ಊರೂರಿನಲ್ಲಿದೆ. ಎಂಜಿನ್‌ನ ಬಗ್ಗೆ ನಮ್ಮ ದೂರು ಕಡಿಮೆ. ಸರಿಯಾದ ಅಳತೆಗೆ ಆಯಿಲ್ ಬೆರೆಸಿ, ಏರ್ ಫಿಲ್ಟರ್ ಸ್ವಚ್ಛ ಇಟ್ಟರೆ ದುಡಿಯುತ್ತದೆ. ತಪ್ಪಿರುವುದು ಬಾರ್‌ನಲ್ಲಿ. 86 ಡ್ರೈವ್ ಲಿಂಕಿನ ಚೈನನ್ನು ಗಟ್ಟಿ ಮರದೊಳಗೆ ಪೂರ್ತಿ ಉದ್ದಕ್ಕೆ ಎಳೆಯುವ ತ್ರಾಣ ಆ ಎಂಜಿನ್‌ಗೆ ಇಲ್ಲ.

ಆಗ ಏನಾಗುತ್ತದೆ ನೋಡಿ. ಚೈನ್ ನಿಧಾನವಾಗುತ್ತದೆ. ಕೊಯ್ಯುತ್ತಿಲ್ಲ ಎಂದು ಹಿಡಿದವರು ಒತ್ತುತ್ತಾರೆ. ಒತ್ತಿದಾಗ ಚೈನ್ ನಿಂತು ಕ್ಲಚ್ ಮಾತ್ರ ಒಳಗೆ ಜಾರುತ್ತದೆ, ಕ್ಲಚ್ ಡ್ರಮ್ ಕಾದು ನೀಲಿಗಟ್ಟುತ್ತದೆ, ಪಕ್ಕದಲ್ಲಿರುವ ಆಯಿಲ್ ಪಂಪಿನ ಪ್ಲಾಸ್ಟಿಕ್ ಗೇರ್ ಕರಗುವುದೂ ಉಂಟು. ಪಂಪ್ ಸರಿಯಿದ್ದರೂ ಸಣ್ಣದು. ಬುಡದಲ್ಲಿ ಬಿಟ್ಟ ಆಯಿಲ್ 22 ಇಂಚು ಆಚೆಯ ಮೂತಿಗೆ ತಲುಪುವಷ್ಟರಲ್ಲಿ ಒಣಗಿರುತ್ತದೆ. ಮೂತಿಯ ಬಳಿ ಬಾರ್‌ನ ಹಳಿ (ಚೈನ್ ಓಡುವ ಅಂಚು) ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ, ಅಲ್ಲಿನ ಚಕ್ರ ಕಿರುಗುಟ್ಟುತ್ತಿದ್ದರೆ ಕಾರಣ ಇದೇ. ಇವೆಲ್ಲ ಒಂದೊಂದಾಗಿ ಕೆಟ್ಟಾಗ "ಅಗ್ಗದ ಮಷಿನ್, ಇಷ್ಟೇ" ಎನ್ನುತ್ತಾರೆ. ಬಾರ್ ಗಿಡ್ಡವಾಗಿದ್ದರೆ ಇದರಲ್ಲಿ ಮುಕ್ಕಾಲು ತೊಂದರೆ ಹುಟ್ಟುತ್ತಲೇ ಇರಲಿಲ್ಲ.

ಪರಿಹಾರ ಸುಲಭ. ಈ ಮಷಿನ್‌ಗಳಲ್ಲಿ ಸಾಮಾನ್ಯವಾಗಿ 0.325 ಪಿಚ್, 1.5 ಮಿ.ಮೀ. ಗೇಜ್ ಇರುತ್ತದೆ. ಅದೇ ಪಿಚ್, ಅದೇ ಗೇಜ್‌ನ 18 ಇಂಚಿನ ಬಾರ್ ಮತ್ತು 72 ಡ್ರೈವ್ ಲಿಂಕಿನ ಚೈನ್ ತನ್ನಿ. ಕ್ಲಚ್‌ನ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲಿನ ಚಕ್ರ) ಬದಲಿಸಬೇಕಿಲ್ಲ. 20 ಇಂಚೇ ಬೇಕೆಂದರೆ 76 ಲಿಂಕ್, ಅದಕ್ಕಿಂತ ಮೇಲೆ ಬೇಡ. ಹಳೆಯ ಬಾರನ್ನು ಅಂಗಡಿಗೆ ಒಯ್ದು ಬಾಲದ ಮೇಲೆ ಬಾಲ ಇಟ್ಟು ನೋಡಿ: ಬೋಲ್ಟಿನ ಸೀಳಿನ ಅಗಲ, ಚೈನ್ ಬಿಗಿಮಾಡುವ ಪಿನ್ನಿನ ತೂತು, ಆಯಿಲ್ ಬರುವ ತೂತು, ಮೂರೂ ಒಂದೇ ಜಾಗದಲ್ಲಿರಬೇಕು. 18 ಇಂಚು ಹಾಕಿದ ಮೇಲೆ ಅದೇ ಮಷಿನ್ ಬೇರೆಯದೇ ಅನ್ನಿಸುವಷ್ಟು ಹಗುರವಾಗುತ್ತದೆ. ಮೂತಿಯ ಭಾರ ಇಳಿದದ್ದೇ ಅದಕ್ಕೆ ಕಾರಣ.

ಇಂಚು ಒಂದೇ ಆದರೂ ಚೈನ್ ಒಂದೇ ಅಲ್ಲ

ಅಂಗಡಿಯಿಂದ ವಾಪಸು ಬರುವ ಬಾರ್‌ಗಳಲ್ಲಿ ಹೆಚ್ಚಿನವು ಇಲ್ಲೇ ಎಡವಿದವು. "16 ಇಂಚಿನ ಚೈನ್ ಕೊಡಿ" ಎಂದರೆ ಅಂಗಡಿಯವರು ಮತ್ತೆ ಮೂರು ಪ್ರಶ್ನೆ ಕೇಳಬೇಕು. ಕೇಳದಿದ್ದರೆ ನೀವೇ ಹೇಳಿ. ಪಿಚ್, ಗೇಜ್, ಡ್ರೈವ್ ಲಿಂಕ್‌ಗಳ ಸಂಖ್ಯೆ. ಪಕ್ಕಪಕ್ಕದ ಮೂರು ರಿವೆಟ್‌ಗಳಲ್ಲಿ ಮೊದಲನೆಯದರಿಂದ ಮೂರನೆಯದಕ್ಕೆ ಇರುವ ದೂರದ ಅರ್ಧ ಪಿಚ್. ಬಾರ್‌ನ ಸೀಳಿನಲ್ಲಿ ಓಡುವ ಲಿಂಕಿನ ದಪ್ಪ ಗೇಜ್. ಎಂಎಸ್ 250ರ 16 ಇಂಚಿಗೆ 62 ಲಿಂಕ್ ಎಂದೆವಲ್ಲ, ಅದೇ ಕಂಪನಿಯ ಎಂಎಸ್ 260ರಲ್ಲಿ ಬಾರ್‌ನ ಬಾಲ ಬೇರೆ ರೀತಿಯದಾದ್ದರಿಂದ ಅದೇ 16 ಇಂಚು, ಅದೇ 0.325 ಪಿಚ್‌ಗೆ 67 ಲಿಂಕ್ ಬೇಕು. ಇಂಚು ನೋಡಿ ಚೈನ್ ತಂದರೆ ಒಂದೋ ಹತ್ತುವುದಿಲ್ಲ, ಇಲ್ಲವೇ ಬಿಗಿಮಾಡುವ ಸ್ಕ್ರೂ ಕೊನೆಗೆ ಬಂದರೂ ಜೋತಾಡುತ್ತಿರುತ್ತದೆ.

ಇನ್ನೊಂದು ಬಲೆ ಇದೆ. ಎಂಎಸ್ 170, 180, 250, ಮೂರರ ಬೋಲ್ಟಿಗೂ ಒಂದೇ ಮಾದರಿಯ ಬಾರ್ ಬಾಲ ಕೂರುತ್ತದೆ. ಆದ್ದರಿಂದ 180ರ ಬಾರ್ 250ಕ್ಕೆ ಹಾಕಿದರೆ ಕೂರುತ್ತದೆ, ನಟ್ ಬಿಗಿಯಾಗುತ್ತದೆ. ಆದರೆ 180ರ ಬಾರ್ 3/8 ಲೋ ಪ್ರೊಫೈಲ್‌ನದು, 250ರ ಸ್ಪ್ರಾಕೆಟ್ 0.325ರದು. ಬಾರ್‌ನ ಮೂತಿಯ ಚಕ್ರ, ಚೈನ್, ಕ್ಲಚ್‌ನ ಸ್ಪ್ರಾಕೆಟ್, ಮೂರರ ಪಿಚ್ ಒಂದೇ ಇರಬೇಕು. ಒಂದು ಬೇರೆಯಾದರೂ ಚೈನ್ ಹಲ್ಲಿನ ಮೇಲೆ ಏರಿ ಇಳಿದು ಓಡುತ್ತದೆ. ಲಿಂಕಿನ ಕಾಲು ಸವೆದು ಕೊನೆಗೆ ತುಂಡಾಗುತ್ತದೆ. ಗೇಜ್ ತಪ್ಪಿದರೆ ಇನ್ನೊಂದು ಬಗೆ: 1.6ರ ಚೈನ್ 1.5ರ ಸೀಳಿಗೆ ಇಳಿಯುವುದೇ ಇಲ್ಲ, ಅಲ್ಲೇ ಗೊತ್ತಾಗುತ್ತದೆ. 1.5ರ ಚೈನ್ 1.6ರ ಸೀಳಿಗೆ ಇಳಿದುಬಿಡುತ್ತದೆ, ಓಡುತ್ತದೆ ಕೂಡ, ಆದರೆ ಒಂದು ಪಕ್ಕಕ್ಕೆ ವಾಲಿಕೊಂಡು. ಕೊಯ್ತ ನೇರ ಬರುವುದಿಲ್ಲ. ಹಸ್ಕ್‌ವರ್ನಾದ ಈ ವರ್ಗದ ಮಷಿನ್‌ಗಳಲ್ಲಿ 0.325 ಪಿಚ್‌ಗೆ 1.3 ಅಥವಾ 1.5 ಮಿ.ಮೀ. ಗೇಜ್ ಬರುವುದರಿಂದ, ಮನೆಯಲ್ಲಿ ಎರಡು ಕಂಪನಿಯ ಮಷಿನ್ ಇದ್ದವರು ಚೈನ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಹೆಸರು ಬರೆದಿಡುವುದು ಒಳ್ಳೆಯದು.

ಎಲ್ಲಿ ಓದಬೇಕು? ಬಾರ್‌ನ ಬಾಲದ ಬಳಿ ಉದ್ದ, ಪಿಚ್, ಗೇಜ್, ಲಿಂಕ್ ಸಂಖ್ಯೆ ಕೊರೆದಿರುತ್ತದೆ. ಜಿಡ್ಡು, ಹೊಟ್ಟು ಹಿಡಿದು ಕಾಣದಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ಅಳಿಸಿಯೇ ಹೋಗಿದ್ದರೆ ಚೈನನ್ನೇ ನೋಡಿ: ಸ್ಟಿಲ್ ಚೈನ್‌ನ ಡ್ರೈವ್ ಲಿಂಕಿನ ಮೇಲೆ ಒತ್ತಿದ ಅಂಕಿ ಗೇಜ್ ಹೇಳುತ್ತದೆ, 3 ಎಂದರೆ 1.3, 6 ಎಂದರೆ 1.6. ಹಲ್ಲಿನ ಮುಂದಿನ ಗುಬಟಿನ ಮೇಲಿನ ಅಂಕಿ ಪಿಚ್‌ನದು, 2 ಎಂದರೆ 0.325, 3 ಎಂದರೆ 3/8, 6 ಎಂದರೆ 3/8 ಲೋ ಪ್ರೊಫೈಲ್. ಕೊನೆಗೆ ಲಿಂಕ್‌ಗಳನ್ನು ಎಣಿಸಿ. ಬೇಸರದ ಕೆಲಸ, ಆದರೆ ಇನ್ನೊಮ್ಮೆ ಪೇಟೆಗೆ ಹೋಗುವುದಕ್ಕಿಂತ ವಾಸಿ.

ಪಿಚ್ ಗೊತ್ತಾದರೆ ಅರವೂ ಗೊತ್ತಾದಂತೆ. 3/8 ಲೋ ಪ್ರೊಫೈಲ್‌ಗೆ 4 ಮಿ.ಮೀ. ದುಂಡು ಅರ, 0.325ಕ್ಕೆ 4.8, ಪೂರ್ಣ 3/8ಕ್ಕೆ ಸ್ಟಿಲ್ ಹೇಳುವುದು 5.2. ಹಲ್ಲಿನ ಮುಂದಿನ ಗುಬಟು ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಬೇಕು. ಅದನ್ನು ಕಣ್ಣಂದಾಜಿನಲ್ಲಿ ಉಜ್ಜಬೇಡಿ, ಈ ತಗ್ಗು ಅಳೆಯುವ ಪಟ್ಟಿ ಇಟ್ಟು ಉಜ್ಜಿ. ಹೆಚ್ಚು ತಗ್ಗಿಸಿದರೆ ಪ್ರತಿ ಹಲ್ಲೂ ಮರವನ್ನು ಜಗ್ಗುತ್ತದೆ, ಕಿಕ್‌ಬ್ಯಾಕ್ ಹೆಚ್ಚುತ್ತದೆ.

ಗಿಡ್ಡ ಬಾರ್‌ನಲ್ಲಿ ದಪ್ಪ ಮರ

"16 ಇಂಚಿನಲ್ಲಿ ಎರಡಡಿ ಅಡ್ಡದ ಮರ ಹೇಗೆ?" ಎರಡು ಕಡೆಯಿಂದ. 24 ಇಂಚಿನ ಮರವನ್ನೇ ಇಟ್ಟುಕೊಂಡು ಹೇಳುತ್ತೇವೆ. ಬೀಳಬೇಕಾದ ದಿಕ್ಕಿಗೆ ಕಚ್ಚು ಹಾಕಿ, ಆಳ ಅಡ್ಡಳತೆಯ ಕಾಲುಭಾಗ, ಇಲ್ಲಿ 6 ಇಂಚು. ಬಾರ್ ಒಂದೇ ಸಲಕ್ಕೆ ದಾಟದು. ಎಡದಿಂದ ಅರ್ಧ, ಬಲದಿಂದ ಅರ್ಧ ಕೊಯ್ದು ಎರಡು ಕೊಯ್ತವೂ ಒಂದೇ ಗೆರೆಯಲ್ಲಿ ಕೂಡುವಂತೆ ನೋಡಿಕೊಳ್ಳಿ. ಮುಂದೆ ಹಿಂಬದಿಯ ಕೊಯ್ತ, ಕಚ್ಚಿನ ತಳಕ್ಕಿಂತ ಒಂದೆರಡು ಇಂಚು ಮೇಲೆ. ಒಂದು ಪಕ್ಕದಿಂದ ಆರಂಭಿಸಿ ಬಾರನ್ನು ಬೀಸಣಿಗೆಯಂತೆ ತಿರುಗಿಸುತ್ತ ಒಳಗೆ ತನ್ನಿ. ಕಚ್ಚಿನ ಹಿಂದೆ ಅಡ್ಡಳತೆಯ ಹತ್ತನೇ ಒಂದು ಭಾಗ, ಇಲ್ಲಿ ಎರಡೂವರೆ ಇಂಚಿನ ಹತ್ತಿರ, ಕೊಯ್ಯದೆ ಉಳಿಸಿ. ಮರ ಬೀಳುವಾಗ ಬಾಗಿಲಿನ ಕೀಲಿನಂತೆ ದಾರಿ ತೋರಿಸುವುದು ಈ ಪಟ್ಟಿಯೇ. ಕೊಯ್ದ ಸೀಳಿಗೆ ಬೆಣೆ ಹೊಡೆಯಿರಿ. ಪ್ಲಾಸ್ಟಿಕ್ ಅಥವಾ ಮರದ ಬೆಣೆ ಇರಲಿ. ಕಬ್ಬಿಣದ್ದು ಚೈನಿಗೆ ತಗಲಿದರೆ ಹಲ್ಲು ಹಾರಿಹೋಗುತ್ತದೆ. ನಂತರ ಇನ್ನೊಂದು ಪಕ್ಕಕ್ಕೆ ಹೋಗಿ ಉಳಿದ ಭಾಗ ಕೊಯ್ಯಿರಿ. ಯಾವ ಪಕ್ಕದಲ್ಲಿ ನಿಂತು ಮುಗಿಸುತ್ತೀರೋ ಅಲ್ಲಿಂದ ಹಿಂದಕ್ಕೆ ಓರೆಯಾಗಿ ಓಡುವ ದಾರಿಯ ಕಂಟಿ, ಬಳ್ಳಿ ಮೊದಲೇ ಸವರಿರಬೇಕು. ಬೇರೆ ಕೆಲಸದವರು ಮರದ ಎತ್ತರದ ಎರಡೂವರೆ ಪಟ್ಟು ದೂರ ಇರಲಿ.

ಈ ರೀತಿಯಲ್ಲಿ 16 ಇಂಚಿನ ಬಾರ್ 26 ಇಂಚಿನ ಮರದವರೆಗೆ, ಎಂದರೆ ಆರೂಮುಕ್ಕಾಲು ಅಡಿ ಸುತ್ತಿನವರೆಗೆ ನೆಮ್ಮದಿಯಿಂದ ಸಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬಿಡಿಸಿ ಹೇಳಬೇಕು. ಬೆಳಕಿಗಾಗಿ ಒಂದೇ ಕಡೆ ವಾಲಿ ಬೆಳೆದ ಅಕೇಶಿಯಾಕ್ಕೆ ಈ ಕ್ರಮ ಹಾಗೆಯೇ ಹೊಂದದು. ಹಿಂದಿನಿಂದ ಕೊಯ್ಯುತ್ತ ಬಂದರೆ ಅರ್ಧದಲ್ಲೇ ಕಾಂಡ ಉದ್ದಕ್ಕೆ ಸೀಳಿ, ಹಿಂದಿನ ಸೀಳು ಎದೆಯೆತ್ತರಕ್ಕೆ ಚಿಮ್ಮುತ್ತದೆ. ಅಂಥ ಮರಕ್ಕೆ ಕಚ್ಚು ಹಾಕಿದ ಮೇಲೆ ಬಾರನ್ನು ಕೀಲಿನ ಹಿಂದೆ ಪಕ್ಕದಿಂದ ಚುಚ್ಚಿ ಒಳಗಿನದನ್ನು ಮೊದಲು ಕೊಯ್ದು, ಹಿಂಬದಿಯಲ್ಲಿ ಒಂದು ಪಟ್ಟಿ ಉಳಿಸಿ, ಅದನ್ನು ಕೊನೆಗೆ ಕಡಿಯಬೇಕು. ಚುಚ್ಚುವಾಗ ಮೂತಿಯ ಕೆಳಭಾಗದಿಂದ ಆರಂಭ, ಮೇಲಿನ ಕಾಲುಭಾಗ ಎಂದೂ ಬೇಡ. ಗಿಡ್ಡ ಬಾರ್‌ನಲ್ಲಿ ಈ ಚುಚ್ಚು ಹಿಡಿತದಲ್ಲಿರುತ್ತದೆ. 22 ಇಂಚಿನದರಲ್ಲಿ ಕೈ ನಡುಗುತ್ತದೆ. ಇದನ್ನು ಬಲ್ಲವರ ಜೊತೆ ನಿಂತು, ಬಿದ್ದ ದಿಮ್ಮಿಯ ಮೇಲೆ ಅಭ್ಯಾಸ ಮಾಡಿಯೇ ನಿಂತ ಮರಕ್ಕೆ ಹೋಗಿ.

ಬಾರ್ ಬಾಳಿಕೆ: ಉಪ್ಪು, ಮರಳು, ಮೇಣ

ಬಾರ್‌ನ ಒಂದೇ ಅಂಚು ಸವೆಯದಂತೆ ಪ್ರತಿ ಸಲ ಚೈನ್ ಹರಿತ ಮಾಡಿದಾಗ ಬಾರನ್ನು ತಲೆಕೆಳಗು ಮಾಡಿ ಹಾಕಿ. ಮೇಲಿನ ಬರಹ ತಿರುವುಮುರುವಾದರೆ ಕೆಟ್ಟಿದ್ದೇನೂ ಇಲ್ಲ. ಸೀಳಿನ ಹೊಟ್ಟನ್ನು ತೆಳು ತಗಡಿನಲ್ಲಿ ಕೆರೆದು, ಆಯಿಲ್ ತೂತನ್ನು ತಂತಿಯಲ್ಲಿ ಬಿಡಿಸಿ. ಹಳಿಯ ಹೊರ ಅಂಚಿನಲ್ಲಿ ಕೂರಲುಗಿನಂಥ ಮುಳ್ಳು ಎದ್ದಿದ್ದರೆ ಚಪ್ಪಟೆ ಅರದಿಂದ ತೆಗೆಯಿರಿ. ಸೀಳಿನ ಆಳ 3/8 ಲೋ ಪ್ರೊಫೈಲ್ ಬಾರ್‌ನಲ್ಲಿ 5 ಮಿ.ಮೀ., 0.325 ಮತ್ತು ಪೂರ್ಣ 3/8ರಲ್ಲಿ 6 ಮಿ.ಮೀ.ಗಿಂತ ಕಡಿಮೆಯಾದರೆ ಬಾರ್ ಮುಗಿಯಿತು. ಆಮೇಲೆ ಲಿಂಕಿನ ಕಾಲು ತಳಕ್ಕೆ ಉಜ್ಜುತ್ತದೆ. ಎರಡು ಚೈನ್ ಸವೆಯುವ ಹೊತ್ತಿಗೆ ಕ್ಲಚ್‌ನ ಸ್ಪ್ರಾಕೆಟ್ ಕೂಡ ಬದಲಿಸುವ ಕಾಲ. ಅದರ ಮೇಲೆ ಅರ್ಧ ಮಿ.ಮೀ. ಆಳದ ಗುಳಿ ಬಿದ್ದಿದ್ದರೆ ಹೊಸ ಚೈನ್ ಹಾಕಿ ಪ್ರಯೋಜನವಿಲ್ಲ.

ಬಾರ್‌ಗೆ ಸುಟ್ಟ ಎಂಜಿನ್ ಆಯಿಲ್ ಸುರಿಯುವುದು ಎಲ್ಲೆಡೆ ಕಾಣುವ ಕೆಟ್ಟ ಚಾಳಿ. ಅದರಲ್ಲಿ ಕಬ್ಬಿಣದ ನುಣುಪು ಪುಡಿ ಇರುತ್ತದೆ, ಪಂಪ್ ಕಟ್ಟುತ್ತದೆ. ಅಂಟುಗುಣ ಇಲ್ಲದ್ದರಿಂದ ಮೂತಿ ಸುತ್ತುವಾಗ ಹಾರಿಹೋಗಿ ಬಟ್ಟೆಗೆ, ಚರ್ಮಕ್ಕೆ ಬೀಳುತ್ತದೆ. ಚೈನ್ ಆಯಿಲ್ ಎಂದೇ ಮಾರುವುದನ್ನು ಹಾಕಿ. ಆಯಿಲ್ ಬರುತ್ತಿದೆಯೇ ಎಂದು ನೋಡಲು ನಮ್ಮಲ್ಲಿ ಸುಲಭದ ಉಪಾಯ ಇದೆ: ಒಣಗಿದ ಅಡಿಕೆ ಹಾಳೆಯ ಬಿಳಿಯ ಒಳಮೈಯನ್ನು ಮೇಲ್ಮುಖವಾಗಿಟ್ಟು, ಬಾರ್‌ನ ಮೂತಿಯನ್ನು ಅದರಿಂದ ಒಂದು ಗೇಣು ದೂರ ಹಿಡಿದು ಎಂಜಿನ್ ಅರ್ಧ ಓಡಿಸಿ. ಕೆಲವೇ ಕ್ಷಣದಲ್ಲಿ ಹಾಳೆಯ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಮರಕ್ಕೆ ಹಚ್ಚಬೇಡಿ.

ಕಡಲ ತೀರದಲ್ಲಿ ಮೊದಲ ಶತ್ರು ಮರಳು. ಗಾಳಿಮರದ ತೊಗಟೆಯ ಬಿರುಕಿನಲ್ಲಿ ಬುಡದಿಂದ ಮಂಡಿ ಎತ್ತರದವರೆಗೂ ಮರಳು ಕೂತಿರುತ್ತದೆ. ಕೊಯ್ಯುವ ಜಾಗದ ತೊಗಟೆಯನ್ನು ಕತ್ತಿಯಿಂದ ಕೆತ್ತಿ ಆಮೇಲೆ ಬಾರ್ ಹಚ್ಚಿ. ತೆಂಗಿನದು ಇನ್ನೊಂದು ಬಗೆಯ ಕಷ್ಟ. ಹೊರಮೈ ಕಲ್ಲಿನಂತೆ, ಒಳಗೆ ನಾರು. ಹಲ್ಲು ಬೇಗ ಮೊಂಡಾಗುತ್ತದೆ, ನಾರು ಸ್ಪ್ರಾಕೆಟ್ ಕವಚದೊಳಗೆ ಮುದ್ದೆಯಾಗಿ ಆಯಿಲ್ ತೂತನ್ನೇ ಮುಚ್ಚುತ್ತದೆ. ಎರಡು ಮರಕ್ಕೊಮ್ಮೆ ಕವಚ ಬಿಚ್ಚಿ ತೆಗೆಯಲೇಬೇಕು. ಹಲಸಿನ ಮೇಣ ಬಾರ್ ಮೇಲೆ ಒಣಗಿದರೆ ಮರುದಿನ ಚೈನ್ ಕೈಯಲ್ಲಿ ಸರಿಯುವುದಿಲ್ಲ. ಅದೇ ಸಂಜೆ ಸೀಮೆಎಣ್ಣೆಯಲ್ಲಿ ಒರೆಸಿ. ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ಮೂತಿಯ ಚಕ್ರದ ಬೇರಿಂಗ್. ಗ್ರೀಸ್ ತೂತು ಇರುವ ಬಾರ್ ಆದರೆ ಕೆಲಸದ ದಿನ ಗ್ರೀಸ್ ಒತ್ತಿ. ಇಲ್ಲದಿದ್ದರೆ ಆಯಿಲ್ ಹನಿ ಬಿಟ್ಟು ಬೆರಳಿನಿಂದ ತಿರುಗಿಸಿ. ಕೆಲಸ ಮುಗಿದ ಕೂಡಲೇ ಚೈನ್ ಸಡಿಲಿಸಿ, ಏಕೆಂದರೆ ಬಿಸಿಯಲ್ಲಿ ಬಿಗಿಮಾಡಿದ ಚೈನ್ ತಣಿದಾಗ ಕುಗ್ಗಿ ಕ್ರ್ಯಾಂಕ್‌ನ ಬೇರಿಂಗನ್ನು ಎಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಷಿನ್ ಮೂಲೆ ಸೇರುವುದಾದರೆ ಬಾರ್ ಮತ್ತು ಚೈನ್ ಬಿಚ್ಚಿ, ಚೈನನ್ನು ಮುಚ್ಚಳದ ಡಬ್ಬಿಯಲ್ಲಿ ಆಯಿಲ್‌ನಲ್ಲಿ ಮುಳುಗಿಸಿಡಿ, ಬಾರ್‌ಗೆ ಆಯಿಲ್ ಸವರಿ ಒಲೆಯ ಅಟ್ಟದ ಮೇಲೆ, ಹೊಗೆ ಬೆಚ್ಚಗೆ ತಾಗುವಲ್ಲಿ ನೇತುಹಾಕಿ.